ಹೊಂದಲಿಲ್ಲ ಅಂದ ಹಲ್ಲು

ಐದು ಸೆಕೆಂಡು ನೋಡಬೇಕು, ಆಮೇಲೆ ಕಣ್ಣು ಆಚೆ ತಿರುಗಿಸಿಬಿಡಬೇಕು. ಅದು ನಿಯಮ ಅಂತ ಭೀಮಶಿ ಹೇಳಿದ. ಹಲ್ಲಿನ ಕ್ಲಿನಿಕ್ಕಿನ ಕಿಟಕಿಯ ಬೆಳಕಿನಲ್ಲಿ ಮಧುವನ್ನು ನಿಲ್ಲಿಸಿ, ಹದಿನಾರು ಬಣ್ಣದ ಮಾದರಿ ಹಲ್ಲುಗಳ ಪಟ್ಟಿ ಹಿಡಿದು, ಒಂದೊಂದೇ ಹಲ್ಲನ್ನು ಅವಳ ತುಟಿಯ ಹತ್ತಿರ ತರುತ್ತಿದ್ದ. ನೋಡುವುದು, ಥಟ್ಟನೆ ತಿರುಗಿ ಗೋಡೆಯ ನೀಲಿ ಕ್ಯಾಲೆಂಡರನ್ನು ದಿಟ್ಟಿಸುವುದು. ಮತ್ತೆ ನೋಡುವುದು, ಮತ್ತೆ ಕ್ಯಾಲೆಂಡರು.

"ನನ್ನ ಮಾರಿ ಅಷ್ಟು ಕೆಟ್ಟ ಐತೇನ್ರಿ?" ಅಂದಳು ಮಧು.

"ಹಂಗಲ್ರಿ. ಭಾಳ ಹೊತ್ತು ನೋಡಿದ್ರ ಕಣ್ಣು ಮೋಸ ಮಾಡತಾವ. ಎಲ್ಲಾ ಬಣ್ಣನೂ ಚಲೋನ ಕಾಣಾಕ ಹತ್ತತಾವ."

ಹಾಗೆಂದವನೇ ಎಂಟು ಸೆಕೆಂಡು ನೋಡಿದ. ಮಧು ಎಣಿಸಿದ್ದಳು.

ಕೊಂಕಣಿ ಮಾತಿನ ಊರಾದ ಕೆಪೆಯ ಪೇಟೆಯಲ್ಲಿ ಅವಳಪ್ಪ ಶಿವಲಿಂಗಪ್ಪನವರ ಪಾತ್ರೆ ಭಾಂಡಿ ಅಂಗಡಿ. ಅಟ್ಟದ ಮೇಲಿಂದ ಐದು ಲೀಟರಿನ ಕುಕ್ಕರು ಇಳಿಸುವಾಗ ಅದು ಕೈ ಬಿಟ್ಟು ಬಾಯಿಗೆ ಬಂತು. ಸೀಟಿ ಹೊಡೆಯಬೇಕಾದ ಕುಕ್ಕರು ಸೀದಾ ಮಧುವನ್ನೇ ಹೊಡೆಯಿತು. ಮುಂಗಡೆ ಹಲ್ಲು ಅರ್ಧಕ್ಕೆ ಮುರಿಯಿತು. ರೂಟ್ ಕೆನಾಲ್ ಮುಗಿದಿತ್ತು. ಉಳಿದ ಮೊಂಡಿನ ಮೇಲೆ ಸದ್ಯಕ್ಕೆ ಪ್ಲಾಸ್ಟಿಕ್ಕಿನದೊಂದು ಟೆಂಪರರಿ ಕ್ಯಾಪ್ ಕೂತಿತ್ತು. ಖರೇ ಕ್ಯಾಪನ್ನು ಭೀಮಶಿ ಮಾಡಬೇಕು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಸಣ್ಣ ಬ್ರಷ್ಷಿನಿಂದ ಪದರಪದರವಾಗಿ ಹಚ್ಚಿ ಸುಟ್ಟು ಹಲ್ಲು ಮಾಡುವುದೇ ಅವನ ಕೆಲಸ.

ಅಪ್ಪನ ಮನೆ ಅಂಗಡಿಯ ಮೇಲೇ ಇತ್ತು. ಮೆಟ್ಟಿಲು ಇಳಿಯುವುದು ಅಂಗಡಿಯೊಳಕ್ಕೆ, ಅದೂ ಅಪ್ಪನ ಗಾದಿಯ ಹಿಂದೆ. ಬೆಕ್ಕು ಹೊರಗೆ ಹೋಗಬೇಕಾದರೂ ಅವರ ಕಣ್ಣು ದಾಟಿಯೇ ಹೋಗಬೇಕು. ಬಿ.ಕಾಂ. ಮುಗಿದ ಮೇಲೆ ಮಧುವಿಗೆ ಹೊರಗಿನ ಗಾಳಿ ಅಂದರೆ ಕ್ಲಿನಿಕ್ಕಿಗೆ ಹೋಗಿಬರುವ ಹದಿನೈದು ನಿಮಿಷದ ದಾರಿ. ಅದರಲ್ಲೂ ಮಹಾದೇವಕ್ಕ ಜೊತೆಗೆ. ಸೋದರತ್ತೆ ಮಹಾದೇವಕ್ಕ ಬೆಳಗಾವಿಯಿಂದ ಬಂದದ್ದೇ ಅಲ್ಲಿಯ ಕಿರಾಣಿ ವರ್ತಕರ ಮಗನಿಗೆ ಇವಳನ್ನು ಕೊಡಿಸಲು. ತುಟಿ ಮುಚ್ಚಿದ ಫೋಟೊ ಅವರಿಗೆ ಒಪ್ಪಿಗೆಯಾಗಿತ್ತು. ಹಲ್ಲು ಕೂಡಿಸಿದ ಮೇಲೆ ಬಂದು ನೋಡುತ್ತಾರೆ, ತಾಂಬೂಲ ಬದಲಿಸಿಕೊಂಡೇ ಹೋಗುತ್ತಾರೆ ಅಂತ ಮಾತಾಗಿತ್ತು. ಮಧುವನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚು ಅನ್ನುವವರು. ಬಾಯಿ ತೆಗಿ ಅನ್ನುವ ಜಾಗ ಇಡೀ ಕೆಪೆಯಲ್ಲಿ ಇದೊಂದೇ.

ತೆಗೆದ ಬಾಯಿಯನ್ನು ಅವಳು ಪೂರಾ ಬಳಸಿಕೊಂಡಳು. ಊರವರು ಡಾಕ್ಟರ್ ಬಾಯಿ ಅಂತ ಕರೆಯುವ ಕ್ಲಿನಿಕ್ಕಿನ ಡಾಕ್ಟರಮ್ಮ "ತೋಂಡ್ ಉಗಡ್ ಗೊ", ಬಾಯಿ ತೆಗಿಯೇ, ಅನ್ನುವ ರಾಗ, ಹಲ್ಲು ಕೊರೆಯುವ ಮಿಷಿನ್ನಿನ ಕೀಚು, ಬ್ರಷ್ಷನ್ನು ಮೇಲಿಂದ ಕೆಳಗೆ ಆಡಿಸಿ ಅಂತ ಬುದ್ಧಿ ಹೇಳುವಾಗ ಪೇಷಂಟುಗಳು ಹಾಕುವ ಸುಳ್ಳು ಹೂಂ, ಎಲ್ಲವನ್ನೂ ಭೀಮಶಿಯ ಮುಂದೆ ಮಾಡಿ ತೋರಿಸಿದಳು. ಅತ್ತೆ ತೂಕಡಿಸಿದಾಗ ಅತ್ತೆಯ ಗೊರಕೆಯನ್ನೂ ಮಾಡಿದಳು. ಭೀಮಶಿ ಸದ್ದು ಮಾಡಿ ನಗುವವನಲ್ಲ. ಮಾಸ್ಕಿನ ಮೇಲೆ ಅವನ ಕಣ್ಣು ಎರಡು ಗೆರೆಯಾಗುತ್ತಿತ್ತು, ಕಿವಿ ಕೆಂಪಾಗುತ್ತಿತ್ತು, ಅಷ್ಟೇ. ಅಷ್ಟನ್ನು ಅವಳು ಮನೆಗೆ ಕಟ್ಟಿಕೊಂಡು ಹೋಗಿ ವಾರವಿಡೀ ಇಟ್ಟುಕೊಳ್ಳುತ್ತಿದ್ದಳು.

ಮುಂದಿನ ವಾರ ಹಲ್ಲು ಸಿದ್ಧವಾಯಿತು. ಡಾಕ್ಟರ್ ಬಾಯಿ ಅದನ್ನು ಅಂಟಿಸದೆ ಸುಮ್ಮನೆ ಕೂರಿಸಿ, ಮಧುವಿನ ಕೈಗೆ ಕನ್ನಡಿ ಕೊಟ್ಟು, ತಮ್ಮ ಕೊಂಕಣಿ ಬೆರೆತ ಕನ್ನಡದಲ್ಲಿ ತಿಳಿಹೇಳಿದರು. ಒಪ್ಪಿಗೆಯಾದರೆ ಹೂಂ ಅನ್ನಬೇಕು, ಅಂದಮೇಲೇ ಸಿಮೆಂಟು, ಸಿಮೆಂಟು ಹಾಕಿದ ಮೇಲೆ ಒಡೆಯದೆ ಬರುವುದಿಲ್ಲ, ಅದಕ್ಕೇ ಪೇಷಂಟು ಹೂಂ ಅನ್ನದೆ ತಾವು ಯಾವ ಹಲ್ಲನ್ನೂ ಅಂಟಿಸುವುದಿಲ್ಲ.

ಮಧು ಕನ್ನಡಿ ಹಿಡಿದು ಬಹಳ ಹೊತ್ತು ಕೂತಳು. ಹುಟ್ಟಿದ ಹಲ್ಲು ಯಾವುದು, ಮಾಡಿದ್ದು ಯಾವುದು ಅವಳಿಗೇ ತಿಳಿಯಲಿಲ್ಲ. ಆದರೆ ಜೋಳದ ಕಾಳಿನಷ್ಟು ಹಲ್ಲಿಗೆ ಇಷ್ಟು ಕೇಳುತ್ತಾರಲ್ಲ ಅನಿಸಿತು. ತನ್ನ ಹೂಂಗಾಗಿ ಕಾದು ನಿಂತದ್ದು ಈ ಭೂಮಿಯ ಮೇಲೆ ಇದೊಂದೇ.

"ಹೊಂದಲಿಲ್ರಿ," ಅಂದಳು.

ಅದರ ಮುಂದಿನ ವಾರವೂ ಹೊಂದಲಿಲ್ಲ. ಈ ಸಲ ಒಂದು ಎಳೆ ಉದ್ದವಾಯಿತು ಅಂತ ತಕರಾರು ತೆಗೆದಳು. ಅತ್ತೆ ಸಿಡಿಮಿಡಿ ಮಾಡಿದರು, ಡಾಕ್ಟರ್ ಬಾಯಿ ಭೂತಗನ್ನಡಿ ಹಾಕಿ ಇಣುಕಿ ತಲೆ ಕೆರೆದುಕೊಂಡರು. ಭೀಮಶಿ ಮಾತ್ರ ಹಲ್ಲನ್ನು ಡಬ್ಬಿಗೆ ಹಾಕಿಕೊಂಡು ಒಳಗೆ ಹೋದ. ಅವನ ಬಾಗಿದ ಬೆನ್ನು ನೋಡಿ ಮಧುವಿಗೆ ಕುಕ್ಕರು ಇನ್ನೊಮ್ಮೆ ಬಿದ್ದಂತಾಯಿತು. ತನ್ನ ಸುಳ್ಳಿಗೆ ಅವನು ಮತ್ತೆ ಮೊದಲಿನಿಂದ ಪುಡಿ ಕಲಸಬೇಕು.

ಮೂರನೇ ಸಲ ಅತ್ತೆ ಕಟ್ಟುನಿಟ್ಟಾಗಿ ಬಂದರು. ರವಿವಾರ ಬೆಳಗಾವಿಯವರು ಬರುವವರಿದ್ದರು. ಅಕೀದೇನ ಕೇಳತೀರಿ, ಹಚ್ಚಿಬಿಡ್ರಿ ಅಂತ ಡಾಕ್ಟರಿಗೇ ಅಪ್ಪಣೆ ಮಾಡಿದರು.

"ಅವರು ಹೂಂ ಅನ್ನಲಿ, ಅಕ್ಕಾರ," ಅಂದ ಭೀಮಶಿ, ಮೆಲ್ಲಗೆ.

ಅವನ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇತ್ತು. ನಾಲ್ಕನೇ ಹಲ್ಲು ಮಾಡಿಸುವಷ್ಟು ಕಲ್ಲುಮನಸ್ಸು ಮಧುವಿಗೆ ಬರಲಿಲ್ಲ. ಹೂಂ ಅಂದಳು.

ಸಿಮೆಂಟು ಹಾಕಿ, ಹತ್ತಿ ಕಚ್ಚಿಸಿ, ಐದು ನಿಮಿಷ ಬಾಯಿ ತೆಗೆಯಕೂಡದು ಅಂತ ಹೇಳಿ ಡಾಕ್ಟರ್ ಬಾಯಿ ಪಕ್ಕದ ಕೋಣೆಯ ಪೇಷಂಟನ್ನು ನೋಡಲು ಹೋದರು. ಒಳಗೆ ರೇಂಜ್ ಸಿಗದ ಅತ್ತೆ ಫೋನು ಹಿಡಿದು ಹೊರಗಿನ ಮೆಟ್ಟಿಲಿಗೆ ನಡೆದರು. ಹಲ್ಲು ಕೂತಿತು, ಧಾರಾಳ ಬನ್ನಿ ಅನ್ನುತ್ತಿದ್ದುದು ಗಾಜಿನ ಬಾಗಿಲಾಚೆಯಿಂದ ಕೇಳುತ್ತಿತ್ತು. ಮುಗಿಯಿತು ಅಂದುಕೊಂಡಳು ಮಧು. ನಾಳೆಯಿಂದ ಈ ಬಾಗಿಲಿಲ್ಲ, ಈ ಕಿಟಕಿಯಿಲ್ಲ. ಕುರ್ಚಿಯ ಎರಡೂ ಕೈಗಳು ತನ್ನನ್ನು ಹಿಡಿದುಕೊಂಡಂತೆ ಕಂಡವು.

ಭೀಮಶಿ ಟೈಮರ್ ಒತ್ತಿ ಅವಳ ಪಕ್ಕ ಸ್ಟೂಲಿನ ಮೇಲೆ ಕೂತ.

"ಈಗ ನೀವು ಮಾತಾಡಂಗಿಲ್ಲ. ಅದಕ್ಕ ನನಗ ಧೈರ್ಯ ಬಂದೈತಿ," ಅಂದ. "ನಾ ಮೂರು ಹಲ್ಲು ಮಾಡಿಲ್ರಿ. ಮೊದಲ್ನೇ ದಿನ ತಂದದ್ದು, ಹ್ವಾದ ವಾರ ತಂದದ್ದು, ಇವತ್ತು ಹಚ್ಚಿದ್ದು, ಎಲ್ಲಾ ಒಂದ ಹಲ್ಲು. ಅದು ಮೊದಲ್ನೇ ದಿನಾನ ಹೊಂದಿತ್ತು. ನಿಮ್ಮ ಸುಳ್ಳು ನನಗ ಆವತ್ತ ತಿಳದಿತ್ತು."

ಮಧುವಿನ ಗಂಟಲಿನಿಂದ ಎಂಥದೋ ಸದ್ದು ಬಂತು.

"ಗಟ್ಟಿ ಕಚ್ಚರಿ, ಅಲಗಾಡತೈತಿ. ನನಗೂ ನೀವು ತಿರುಗಿ ಬರೂದು ಬೇಕಾಗಿತ್ತು. ನಮ್ಮಪ್ಪ ಸಾವರ್ಡೆದಾಗ ಲಾರಿ ತುಂಬತಾನ. ನಮ್ಮ ಮಂದಿ ಬ್ಯಾರೆ, ನಿಮ್ಮ ಮಂದಿ ಬ್ಯಾರೆ. ಎಲ್ಲಾ ತಿಳದ ಕೇಳಾಕತ್ತೇನಿ. ನನ್ನ ಜೋಡಿ ಇರತೀರೇನು?"

ಟೈಮರಿನಲ್ಲಿ ಇನ್ನೂ ಎರಡು ನಿಮಿಷ ಹತ್ತು ಸೆಕೆಂಡು. ಊರಿನವರ ದನಿಯೆಲ್ಲ ಕಂಠದಲ್ಲಿ ತುಂಬಿಕೊಂಡ ಹುಡುಗಿ ಈಗ ಬಾಯಿ ತೆಗೆಯುವಂತಿಲ್ಲ. ತಲೆಯಾಡಿಸಬಹುದಿತ್ತು. ಆದರೆ ಅವಳು ಆಡಿಸಿದ ತಲೆಯನ್ನು ಮನೆಯಲ್ಲಿ ಎಲ್ಲರೂ ತಮತಮಗೆ ಬೇಕಾದ ಹಾಗೆ ತಿಳಿದುಕೊಂಡೇ ಇಲ್ಲಿಯವರೆಗೆ ಬಂದಿದ್ದರು. ಈ ಉತ್ತರ ಹಾಗಾಗಬಾರದು. ಅಲ್ಲಾಡದೆ, ಅವನನ್ನೇ ನೋಡುತ್ತ ಕೂತಳು. ಅವನ ಕಿವಿಯ ಕೆಂಪು ನಿಧಾನಕ್ಕೆ ಇಳಿಯಿತು. ಕಣ್ಣು ಕ್ಯಾಲೆಂಡರಿನ ಕಡೆ ಹೋಗಿ, ಅಲ್ಲಿಯೂ ನಿಲ್ಲದೆ ನೆಲಕ್ಕೆ ಬಿತ್ತು.

ಟೈಮರ್ ಕೂಗಿತು. ಅವನು ಚಿಮಟಿಗೆಯಿಂದ ಹತ್ತಿ ತೆಗೆದ.

"ಇರತೇನಿ," ಅಂದಳು ಮಧು. ಅದು ಬೇರೆ ಯಾರ ದನಿಯೂ ಆಗಿರಲಿಲ್ಲ.

ಅಂದವಳೇ ಕುರ್ಚಿಯಿಂದಿಳಿದು ತನ್ನ ಫೋನು ತೆಗೆದುಕೊಂಡು ಮೆಟ್ಟಿಲಿಗೆ ನಡೆದಳು. ಭೀಮಶಿ ಹಿಂದೆಯೇ ಬಂದ. ರವಿವಾರ ಹತ್ತಕ್ಕೆ ಬರುತ್ತಾರೆ ಅಂತ ಅತ್ತೆ ತನಗೆ ಹೇಳುತ್ತಿರುವಾಗಲೇ ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾ, ಹಲ್ಲು ಕೂತೈತಿ. ರವಿವಾರ ಅವರು ಬರೂದು ಬ್ಯಾಡ. ನಾ ಒಬ್ಬರಿಗೆ ಮಾತು ಕೊಟ್ಟೇನಿ."

ಅತ್ತೆ ಇದ್ದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಫೋನಿನಾಚೆ ಯಾರೋ ಗಿರಾಕಿ ತಾಟು ಬಾರಿಸಿ ನೋಡುತ್ತಿದ್ದ ಸದ್ದು. ಅಪ್ಪ ಬಯ್ಯಲಿಲ್ಲ. ಯಾರಂವ ಅಂತ ಕೇಳಿದರು, ಎರಡು ಸಲ.

ಮಧು ಫೋನನ್ನು ಭೀಮಶಿಯ ಮುಂದೆ ಹಿಡಿದಳು. ಅವನು ಮಾಸ್ಕನ್ನು ಕೆಳಗೆಳೆದ. ಅವನ ಮುಂಗಡೆ ಹಲ್ಲೆರಡು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವಳು ಅದನ್ನು ನೋಡಿದ್ದು ಆಗಲೇ.

"ನಮಸ್ಕಾರ್ರಿ," ಅಂದ. "ನಾನ್ರಿ, ಭೀಮಶಿ. ಸಾವರ್ಡೆ ಚಂದಪ್ಪನ ಮಗ."