ಅಂಟು ಹೇಳಿದ ಸಾಕ್ಷಿ

ಡಾ. ತಿಪ್ಪೇಸ್ವಾಮಿ ಪೆನ್ಸಿಲ್ ಗಾತ್ರದ ಉಪಕರಣವನ್ನು ಡಂಪರಿನ ಗೇರ್‌ಬಾಕ್ಸ್ ಮುಚ್ಚಳದ ಅಂಚಿಗೆ ತಾಗಿಸಿದರು. ಎಣ್ಣೆ ಸೋರದಂತೆ ಅಲ್ಲಿ ಹಚ್ಚಿದ್ದ ಹಸಿರು ಅಂಟಿನ ಗೆರೆ ತನ್ನ ಕತೆ ಹೇಳತೊಡಗಿತು. ಪುಟ್ಟ ಪರದೆಯ ಮೇಲೆ ಅಂಕಿಗಳು ಒಂದರ ಹಿಂದೊಂದು ಮೂಡಿದವು.

ಅದು 2058ರ ಡಿಸೆಂಬರ್. ಸಂಡೂರು ಬೆಟ್ಟಗಳ ನಡುವಿನ ಅದಿರು ಗಣಿಯೊಂದರ ವರ್ಕ್‌ಶಾಪು. ನೂರು ಟನ್ನಿನ ಆ ಡಂಪರ್ ವಾರದ ಹಿಂದೆ ಎಣ್ಣೆಯೆಲ್ಲ ಸೋರಿ, ಇಳಿಜಾರಿನಲ್ಲಿ ಗೇರು ಕಚ್ಚಿಕೊಂಡು ನಿಂತುಬಿಟ್ಟಿತ್ತು. ಚಾಲಕ ಬದುಕಿದ್ದೇ ಪುಣ್ಯ. ಅದಕ್ಕೂ ಮುನ್ನ ಅದನ್ನು ದುರಸ್ತಿ ಮಾಡಿದ್ದವಳು ಇಪ್ಪತ್ತು ವರ್ಷ ಪಳಗಿದ ಮೆಕ್ಯಾನಿಕ್ ಹುಲಿಗೆಮ್ಮ. ತಪ್ಪು ಅವಳದೆಂದಾದರೆ ಲೈಸೆನ್ಸು ರದ್ದು. ಮತ್ತೆ ಜನ್ಮದಲ್ಲಿ ಭಾರೀ ಯಂತ್ರ ಮುಟ್ಟುವಂತಿಲ್ಲ.

"ಸಿಲಿಕೋನ್ ಹಚ್ಚಬೇಕಿತ್ತು. ನೀನು ಅಂಟು ಆರಿಸಿದ್ದೇ ತಪ್ಪು ನೋಡಮ್ಮ" ಎಂದರು ಮ್ಯಾನೇಜರ್ ಬಸವನಗೌಡರು.

"ಸಿಲಿಕೋನ್ ತಗಡಿನ ಮುಚ್ಚಳಕ್ರಿ ಗೌಡ್ರ, ಸಂದು ದೊಡ್ಡದಿದ್ದರ ತುಂಬತೈತಿ. ಇಲ್ಲಿ ನುಣ್ಣಗ ಮಾಡಿದ ಲೋಹಕ್ಕ ಲೋಹನ ಕುಂದರತೈತಿ. ಗಾಳಿ ಸಿಗದಾಗ ಗಟ್ಟಿಯಾಗೋ ಅಂಟೇ ಬೇಕು."

ತಿಪ್ಪೇಸ್ವಾಮಿ ತಲೆಯಾಡಿಸಿದರು. ಇಲ್ಲಿ ಹಚ್ಚಿದ್ದು ಅವರೇ ಕಂಡುಹಿಡಿದ, ಆ ಜಾತಿಯ ಅಂಟೇ. ಅದರಲ್ಲಿ ಧೂಳಿಗಿಂತ ಸಣ್ಣ ಕಣಗಳನ್ನು ಬೆರೆಸಿದ್ದರು. ಬೋಲ್ಟಿನ ಬಿಗಿ, ಲೋಹದ ಶಾಖ, ಎಣ್ಣೆ ತಾಗಿದ ಹೊತ್ತು, ಎಲ್ಲವನ್ನೂ ಆ ಕಣಗಳು ನೆನಪಿಟ್ಟುಕೊಳ್ಳುತ್ತಿದ್ದವು.

"ಅಂಟಿನ ಆಯ್ಕೆ ಸರಿ. ಬೋಲ್ಟುಗಳ ಬಿಗಿ ಸಮನಾಗಿದೆ" ಎಂದು ಓದುತ್ತ ಹೋದ ಅವರು ತಟ್ಟನೆ ನಿಲ್ಲಿಸಿದರು. "ಅಂಟು ಹಚ್ಚಿದ ನಲವತ್ತನೇ ನಿಮಿಷಕ್ಕೆ ಎಣ್ಣೆ ಒತ್ತಿದೆ. ಅಂಟು ಇನ್ನೂ ಹಸಿ."

ದುರಸ್ತಿಯ ದಿನ ಅವರಿಗೆ ನೆನಪಾಯಿತು. ಹೊಸ ಅಂಟನ್ನು ನೋಡಲು ಅತಿಥಿಗಳು ಬಂದಿದ್ದ ಬೆಳಿಗ್ಗೆ ಅದು. ಅರ್ಧ ಗಂಟೆ ಸಾಕು, ಡಂಪರ್ ಶುರು ಮಾಡಿ ಎಂದಿದ್ದವರು ಸ್ವತಃ ತಿಪ್ಪೇಸ್ವಾಮಿಯವರೇ. ಅವರ ಪ್ರಯೋಗಾಲಯದಲ್ಲಿ ಬೆಚ್ಚಗಿನ ಕೋಣೆ, ಉಕ್ಕಿನ ತುಂಡು. ಇಲ್ಲಿ ಬೆಟ್ಟದ ಚಳಿ, ಅಲ್ಯೂಮಿನಿಯಂ ಕವಚ. ಅಂಥ ಕಡೆ ಈ ಅಂಟು ಗಟ್ಟಿಯಾಗಲು ಇಡೀ ದಿನ ಬೇಕು.

"ತಪ್ಪು ನನ್ನದು ಗೌಡ್ರೇ. ಹಾಗೇ ಬರೆದುಕೊಳ್ಳಿ" ಎಂದರು. ಹೇಳಿದ ಮೇಲೆ ಅವರ ಎದೆ ಹಗುರಾಯಿತು.

ಹುಲಿಗೆಮ್ಮ ಅಲ್ಲೇ ಬೋರಲು ಹಾಕಿದ್ದ ಡಬ್ಬದ ಮೇಲೆ ಕುಸಿದು ಕೂತಳು. ಗ್ರೀಸು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡಳು, ಕೆನ್ನೆಯೆಲ್ಲ ಕಪ್ಪಾಯಿತು. ಒಂದು ವಾರದಿಂದ ಅನ್ನ ಸೇರದೆ ಒದ್ದಾಡಿದ್ದವಳಿಗೆ ಈಗ ಒಮ್ಮೆಲೇ ಹಸಿವಾಯಿತು. ಅದಕ್ಕೇ ನಕ್ಕುಬಿಟ್ಟಳು.

"ಸದ್ಯ, ಅಂಟು ಬಾಯಿ ಬಿಟ್ಟಿತಲ್ಲ, ನಿನ್ನ ಅದೃಷ್ಟ" ಎಂದರು ಗೌಡರು.

"ನಾನೂ ಬಾಯಿ ಬಿಟ್ಟಿದ್ದೆನ್ರಿ. 'ನಾಳೆ ತನಕ ತಡೀರಿ, ಭಾಳ ಥಂಡಿ ಐತಿ' ಅಂತ ನಿಮ್ಮಿಬ್ಬರ ಮುಂದನ ಹೇಳಿದ್ದೆ."

ಇಬ್ಬರಿಗೂ ನೆನಪಿತ್ತು.

"ನಮ್ಮಪ್ಪನೂ ಮೆಕ್ಯಾನಿಕ್ಕು, ಅವನೂ ಹಿಂಗ ಹೇಳಿದ್ದ" ಎಂದಳು ಹುಲಿಗೆಮ್ಮ, ಸಿಟ್ಟಿಲ್ಲದ ದನಿಯಲ್ಲಿ. "ಇಪ್ಪತ್ತಾರನೇ ಇಸ್ವಿ, ನಾನಾಗ ಏಳನೇ ಕ್ಲಾಸು. ಅವಸರ ಮಾಡಿ ಲೋಡರ್ ಚಾಲೂ ಮಾಡಿಸಿದ್ರು, ಎಣ್ಣಿ ಸೋರಿತು, ತಪ್ಪು ಅಪ್ಪನ ಮ್ಯಾಲ ಹಾಕಿದ್ರು, ಅವನ ಕೆಲಸ ಹೋತು."

"ಆಗ ನನ್ನ ಅಂಟು ಇದ್ದಿದ್ದರೆ..." ಎಂದರು ತಿಪ್ಪೇಸ್ವಾಮಿ ನೋವಿನಿಂದ.

"ಅಂಟು ಯಾಕ್ರಿ ಸರ್? ಅಪ್ಪ ಎದುರಿಗೇ ನಿಂತಿದ್ದ. ಅವನನ್ನ ಕೇಳಿದ್ರ ಸಾಕಿತ್ತು."