ಬಾಕಿ ಉಳಿದ ಪ್ರಾಕ್ಟಿಕಲ್

ಆತ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಆಮೇಲೆ ಕೆಂಪು ಪೆನ್ನು ತೆಗೆದು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದ.

ಗೆರೆ ಪಾರ್ವತಿಯ ಸಹಿಯ ಮೇಲೂ ಹಾದುಹೋಯಿತು.

"ಇದನ್ನು ಬರೆದವರು ನೀವಲ್ಲ, ಅಲ್ವಾ?"

ಕೇಳಿದ್ದು ಕನ್ನಡದಲ್ಲಿ. ಕೋಲ್ಕತ್ತದ ಕಾಳಿಘಾಟ್ ಹತ್ತಿರದ ಈ ಕಾಲೇಜಿನಲ್ಲಿ ಒಂದು ವರ್ಷ ಓದಿದ್ದರೂ ಅವಳ ಕಿವಿಗೆ ಇಲ್ಲಿ ಕನ್ನಡ ಬಿದ್ದದ್ದು ಇದೇ ಮೊದಲು. ಅದೂ ಹೀಗೆ!

"ನಮ್ಮ ಮಾವಾರು ಬರದಾರ್ರಿ. ಸಹಿ ನಂದ ಐತಿ."

"ಸಹಿ ನೋಡಿದೆ. ಪ್ರಾಂಶುಪಾಲರು ವಿನಾಯಿತಿ ಕೊಡ್ಲಿಕ್ಕೆ ಒಪ್ಪಿದ್ರು. ಬೇಡ ಅಂತ ಬರೆದದ್ದು ನಾನೇ."

"ಯಾಕ್ರಿ?"

ಆತ ಅವಳ ಹಿಂದೆ ನಿಂತಿದ್ದ ಹುಡುಗಿಯರ ಸಾಲನ್ನು ಒಮ್ಮೆ ನೋಡಿದ. ಫೈಲನ್ನು ತಿರುಗಿಸಿ ಅವಳ ಕಡೆ ತಳ್ಳಿದ.

ಬಿ.ಎಸ್ಸಿ. ಪದವಿಗೆ ಕಡ್ಡಾಯವಾಗಿ ಮುಗಿಸಬೇಕಾದ ವಿಷಯಗಳ ಪಟ್ಟಿ ಅದರಲ್ಲಿತ್ತು. ಒಟ್ಟು ಹದಿನಾಲ್ಕು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಭಾಷೆಯ ಪೇಪರುಗಳು, ಹೊಸದಾಗಿ ಸೇರಿದ್ದ ಪರಿಸರ ಅಧ್ಯಯನ. ಹದಿಮೂರರ ಮುಂದೆ ಟಿಕ್ ಇತ್ತು. ಒಂದರ ಮುಂದೆ ಏನೂ ಇರಲಿಲ್ಲ. ಎರಡನೆಯ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್.

"ಹನ್ನೆರಡು ಪ್ರಯೋಗ, ಒಂದು ಪರೀಕ್ಷೆ. ರಜೆಯಲ್ಲೂ ಲ್ಯಾಬ್ ತೆರೆದಿರ್ತದೆ, ನಾನಿರ್ತೇನೆ. ಪರೀಕ್ಷೆ ಜೂನ್ ಇಪ್ಪತ್ತನಾಲ್ಕಕ್ಕೆ, ಹೊರಗಿನ ಪರೀಕ್ಷಕರು ಬರ್ತಾರೆ. ನಾಳೆ ಹತ್ತಕ್ಕೆ ಬನ್ನಿ. ಹತ್ತಿ ಬಟ್ಟೆ ಹಾಕ್ಕೊಂಡು ಬನ್ನಿ, ಸಿಂಥೆಟಿಕ್ ಬೇಡ."

ಮೇಜಿನ ಮೇಲೆ ಹೆಸರಿನ ಫಲಕವಿತ್ತು. ಚಂದ್ರಹಾಸ, ರಸಾಯನಶಾಸ್ತ್ರ ವಿಭಾಗ.

'ಎಂಥಾ ಮನಶ್ಯಾ ಇಂವಾ...' ಪಾರ್ವತಿ ಫೈಲು ಮುಚ್ಚಿದಳು.

ಧಾರವಾಡದಲ್ಲಿ ಆ ಪ್ರಾಕ್ಟಿಕಲ್ ಪರೀಕ್ಷೆ ಇದ್ದ ದಿನವೇ ಅವಳ ಲಗ್ನದ ಮುಹೂರ್ತವಿತ್ತು. ಅದು 2001ರ ಏಪ್ರಿಲ್. ಪರೀಕ್ಷೆ ಮತ್ತೆ ಬರುತ್ತದೆ, ಮುಹೂರ್ತ ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಅಂದರು. ಅವಳೂ ಅಂದಳು. ಬಸುವನ್ನು ಮದುವೆಯಾಗಿ ಕೋಲ್ಕತ್ತಕ್ಕೆ ಬಂದಳು.

ಬಸು ಒಂದು ಖಾಸಗಿ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದ. ಒಳ್ಳೆಯವನು. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಆಫೀಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನಿಗೆ ಮೂವತ್ತು ವರ್ಷ.

ಆಮೇಲಿನದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅವಳು ಉಂಡಳು, ಮಲಗಿದಳು, ಬಟ್ಟೆ ಒಗೆದಳು. ಅತ್ತೆ ಹೇಳಿದರೆಂದು ಕಾಲೇಜಿಗೆ ಸೇರಿದಳು. ಆ ಒಂದು ಪ್ರಾಕ್ಟಿಕಲ್ ಬಾಕಿ ಇರುವಂತೆಯೇ ಅವಳನ್ನು ಕೊನೆಯ ವರ್ಷಕ್ಕೆ ಸೇರಿಸಿಕೊಂಡರು. ಗಣಿತದಲ್ಲಿ ಕಾಲೇಜಿಗೇ ಮೊದಲಿಗಳಾದಳು. ಅದೂ ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತು.

ಮಾವ ಕಲ್ಲಪ್ಪ ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ಹೆಡ್ ಕ್ಲರ್ಕ್. ಈ ಜೂನ್ ಮೂವತ್ತಕ್ಕೆ ನಿವೃತ್ತಿ. ಕ್ವಾರ್ಟರ್ಸ್ ಬಿಟ್ಟು ಗಂಡ ಹೆಂಡತಿ ಹುಬ್ಬಳ್ಳಿಗೆ ಹೊರಡುವುದು ನಿಶ್ಚಯವಾಗಿತ್ತು. ಅತ್ತ ಪಾರ್ವತಿಗೆ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಯೊಂದು ಕೆಲಸ ಕೊಟ್ಟಿತ್ತು. ಆ ವರ್ಷ, 2005ರಲ್ಲಿ, ಅವರು ಬರೀ ಬಿ.ಎಸ್ಸಿ. ಆದವರನ್ನೂ ತೆಗೆದುಕೊಳ್ಳುತ್ತಿದ್ದರು. ಷರತ್ತು ಒಂದೇ. ಜೂನ್ ಕೊನೆಯೊಳಗೆ ಪದವಿ ಪೂರ್ತಿಯಾದ ಅಂಕಪಟ್ಟಿ ತೋರಿಸಬೇಕು. ತೋರಿಸಿದರೆ ಈ ಊರಿನಲ್ಲಿ ತನ್ನ ಕಾಲ ಮೇಲೆ ನಿಲ್ಲಬಹುದು. ಇಲ್ಲದಿದ್ದರೆ ಹುಬ್ಬಳ್ಳಿಯ ಮನೆಯ ಹಿಂದಿನ ಕೋಣೆ, ಮುಂದಿನ ನಲವತ್ತು ವರ್ಷ.

ಕಲ್ಲಪ್ಪನವರ ಲೋಕದಲ್ಲಿ ವರ್ಗಾವಣೆ, ಕ್ವಾರ್ಟರ್ಸ್, ರಜೆ, ಎಲ್ಲವೂ ಅರ್ಜಿಯಿಂದ ಆಗುತ್ತಿತ್ತು. ಗಂಡ ಸತ್ತವರಿಗೆ ಅನುಕಂಪದ ಆಧಾರದ ಮೇಲೆ ನೌಕರಿಯೇ ಸಿಗುತ್ತದೆ, ಒಂದು ಪ್ರಾಕ್ಟಿಕಲ್ ಯಾವ ಲೆಕ್ಕ? ಹಾಗೆಂದು ಅವರೇ ಕೂತು ಬರೆದಿದ್ದರು. ಪಾರ್ವತಿ ಓದದೆ ಸಹಿ ಹಾಕಿದ್ದಳು.

"ತಿರಸ್ಕಾರ?" ಕಲ್ಲಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮೂವತ್ನಾಕು ವರ್ಷ ಅರ್ಜಿ ಬರದೇನಿ. ಒಂದೂ ತಿರುಗಿ ಬಂದಿಲ್ಲ. ಯಾರಂವಾ?"

"ಕನ್ನಡದಾಂವನ ಅದಾನ್ರಿ ಮಾವಾರ. ಉಡುಪಿ ಕಡೆ ಮಾತು."

"ನಮ್ಮಾಂವಾ ಆಗಿ ಹಿಂಗ ಮಾಡ್ಯಾನ?"

"ಸೊಕ್ಕು," ಎಂದಳು ಪಾರ್ವತಿ. ನೀರಿನ ಲೋಟವನ್ನು ತುಸು ಜೋರಾಗಿಯೇ ಇಟ್ಟಳು. "ಹನ್ನೆರಡು ಪ್ರಯೋಗ ಅಂತ. ಮಾಡಿ ತೋರಸ್ತೀನಿ."

ಅತ್ತೆ ಮಾವ ಒಬ್ಬರ ಮುಖ ಒಬ್ಬರು ನೋಡಿದರು.

ಮೊದಲ ವಾರ ಲ್ಯಾಬಿನಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಹಳೆಯ ಅಟೆಂಡರ್ ನಿಮಾಯಿದಾ ಸೀಸೆಗಳನ್ನು ತಂದಿಡುತ್ತಿದ್ದ. ಚಂದ್ರಹಾಸ ಕಿಟಕಿಯ ಬಳಿ ಕೂತು ಉತ್ತರಪತ್ರಿಕೆ ನೋಡುತ್ತಿದ್ದ. ಫ್ಯಾನ್ ಹಾಕುವಂತಿಲ್ಲ, ಬರ್ನರ್ ಆರುತ್ತದೆ. ಮೇ ತಿಂಗಳ ಸೆಕೆಯಲ್ಲಿ ಮೂವರೂ ಬೆವರುತ್ತಿದ್ದರು.

ಮೂರನೆಯ ಪ್ರಯೋಗ ಟೈಟ್ರೇಷನ್. ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಟ್ಟು, ಎಷ್ಟಕ್ಕೆ ಬಣ್ಣ ಬದಲಾಗುತ್ತದೆ ಎಂದು ಬರೆಯಬೇಕು. ಅವಳು ಜರ್ನಲ್ ತಂದು ಮುಂದಿಟ್ಟಳು.

"ಮೂರು ಸಲವೂ ಒಂಬತ್ತು ಪಾಯಿಂಟ್ ಎಂಟಾ? ಬ್ಯೂರೆಟ್ ಎಂತ, ನಿಮಗೆ ನೆಂಟನಾ?"

ಆತ ಅಂಕಿಗಳ ಮೇಲೆ ಬೆರಳಿಟ್ಟ.

"ಉತ್ತರ ಮೊದಲು ಬರೆದು, ರೀಡಿಂಗ್ ಆಮೇಲೆ ಬರೆದಿದ್ದೀರಿ."

"ಧಾರವಾಡದಾಗ ಎಲ್ಲಾರೂ ಹಂಗ ಬರೀತಿದ್ವಿ."

"ನಮ್ಮಲ್ಲೂ ಹಾಗೇ. ಇಲ್ಲದಿದ್ರೆ ನಂಗೆ ಗೊತ್ತಾಗುವುದು ಹೇಗೆ ಮಾರಾಯ್ರೆ?" ಆತ ಜರ್ನಲ್ ಮುಚ್ಚಿ ಹಿಂದಕ್ಕೆ ಕೊಟ್ಟ. "ಮತ್ತೆ ಮಾಡಿ. ಎಷ್ಟು ಬರ್ತದೋ ಅಷ್ಟೇ ಬರೆಯಿರಿ."

ಮತ್ತೆ ಮಾಡಿದಳು. ಒಂದು ಸಲ ಹೆಚ್ಚು ಬಿತ್ತು, ಒಂದು ಸಲ ಕಡಿಮೆ. ಐದನೆಯ ಸಲ, ಒಂದೇ ಒಂದು ಹನಿಗೆ, ಫ್ಲಾಸ್ಕಿನೊಳಗೆ ತಿಳಿ ಗುಲಾಬಿ ಬಣ್ಣ ಬಂದು ನಿಂತಿತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಆಮೇಲೆ ಫ್ಲಾಸ್ಕನ್ನು ಕೆಳಗಿಟ್ಟು ಕೇಳಿದಳು. "ಸರ್, ಆ ಅರ್ಜಿಗೆ ಒಂದು ಸಹಿ ಹಾಕಿದ್ರ ಮುಗೀತಿತ್ತು. ನಿಮಗೇನು ಹೋಗ್ತಿತ್ರಿ?"

"ನೀವು ಅದನ್ನು ಓದಿದ್ದೀರಾ?"

"ಇಲ್ರಿ."

ಆತ ಒಳಗಿನ ಕಪಾಟಿನಿಂದ ಅರ್ಜಿ ತಂದು ಕೊಟ್ಟ. ಮಾವನ ದುಂಡು ಇಂಗ್ಲಿಷ್ ಅಕ್ಷರ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಬುದ್ಧಿ ಮಂಕಾಗಿ, ಸ್ವಂತ ಶಕ್ತಿಯಿಂದ ಪ್ರಯೋಗಗಳನ್ನು ಮಾಡಲಾಗದ ಈ ಅಭಾಗಿನಿ...

ಅವಳು ಕೊನೆಯವರೆಗೂ ಓದಿದಳು. ಕೊನೆಯಲ್ಲಿ ತನ್ನ ಸಹಿ.

"ವಿನಾಯಿತಿ ಕೊಟ್ರೆ ಈ ಹಾಳೆ ನಿಮ್ಮ ಅಂಕಪಟ್ಟಿಗೆ ಸೇರ್ತದೆ. ಇಲ್ಲಿನ ನಿಯಮ ಅದು. ಕಂಪನಿಗೆ ಕೊಡುವಾಗ, ಮುಂದೆ ಎಂ.ಎಸ್ಸಿ. ಮಾಡುವಾಗ, ಎಲ್ಲ ಕಡೆ ಇದನ್ನೂ ತೋರಿಸ್ಬೇಕು. ನೀವು ಗಣಿತದಲ್ಲಿ ತೊಂಬತ್ತೊಂದು ತೆಗೆದವರು. ಜನ ಅದನ್ನು ಓದುವ ಮೊದಲು ಇದನ್ನು ಓದುವುದು ನಂಗೆ ಸರಿ ಕಾಣ್ಲಿಲ್ಲ."

"ಅವತ್ತ ಹೇಳಬಹುದಿತ್ತಲ್ರಿ."

"ಹಿಂದೆ ನಿಮ್ಮ ಕ್ಲಾಸಿನ ಹುಡುಗಿಯರು ನಿಂತಿದ್ರು. ಅವರೆದುರು ಈ ಹಾಳೆ ಕೈಗೆ ಕೊಟ್ಟು, ಓದಿ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀವು ಅಲ್ಲೇ ಅತ್ತುಬಿಟ್ರೆ ನಾನೆಂತ ಮಾಡುವುದು?"

"ಮತ್ತ ಈ ಒಂದು ವಾರ?"

"ಸಿಟ್ಟಿನಲ್ಲಿ ಒಳ್ಳೆ ಕೆಲಸ ಮಾಡ್ತಿದ್ರಿ. ಯಾಕೆ ಹಾಳು ಮಾಡುವುದು ಅಂತ ಸುಮ್ಮನಿದ್ದೆ."

ಪಾರ್ವತಿಗೆ ನಗು ಬಂತು. ಬಂದದ್ದು ಅವಳಿಗೇ ತಡವಾಗಿ ತಿಳಿಯಿತು.

ಮನೆಗೆ ಹೋಗಿ ಮಾವನಿಗೆ ಏನೂ ಹೇಳಲಿಲ್ಲ. ಅವರು ಕೇಡಿಗೆಂದು ಬರೆದವರಲ್ಲ. ಅವರು ಕಂಡ ಕಚೇರಿಗಳೆಲ್ಲ ಹಾಗೆ ಬರೆದರೆ ಮಾತ್ರ ಓದುತ್ತಿದ್ದವು.

ಆಮೇಲಿನ ದಿನಗಳು ಬೇಗ ಹೋದವು. ಮಧ್ಯಾಹ್ನ ಅವಳು ಜೋಳದ ರೊಟ್ಟಿ ಬಿಚ್ಚುತ್ತಿದ್ದಳು. ಗೇಟಿನ ಬಳಿಯಿಂದ ನಿಮಾಯಿದಾ ತಂದ ಜಾಲ್ ಮುರಿಯ ಪೊಟ್ಟಣದಿಂದ ಚಂದ್ರಹಾಸ ಖಾರದ ಮಂಡಕ್ಕಿ ತಿನ್ನುತ್ತಿದ್ದ.

"ಇದು ರೊಟ್ಟಿಯಾ, ಫೈಲಿನ ರಟ್ಟಾ?"

"ಮೀನ ತಿಂದ ಬಾಯಿಗೆ ಹಂಗ ಅನಸ್ತದ್ರಿ. ಬ್ಯಾಡಾಗಿದ್ರ ಬಿಡ್ರಿ."

ಆತ ಬಿಡಲಿಲ್ಲ. ಎರಡು ರೊಟ್ಟಿ ತಿಂದ. ಮರುದಿನದಿಂದ ಅವಳು ನಾಲ್ಕು ಹೆಚ್ಚು ತಂದಳು. ನಿಮಾಯಿದಾಗೆ ಎರಡು, ಆತನಿಗೆ ಎರಡು.

ಬಸುವಿನ ಬಗ್ಗೆ ಒಂದು ದಿನ ತಾನಾಗಿಯೇ ಹೇಳಿದಳು. ಚಂದ್ರಹಾಸ ಪೆನ್ನು ಕೆಳಗಿಟ್ಟು ಕೇಳಿದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಬಸು ಎಂಥ ನಕ್ಷೆಗಳನ್ನು ಬರೆಯುತ್ತಿದ್ದ ಎಂದು ಕೇಳಿದ. ಅವಳು ಹೇಳಿದಳು. ಎರಡು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲ.

ಹತ್ತನೆಯ ಪ್ರಯೋಗ ಮುಗಿದ ಮರುದಿನ ಕಿಟಕಿಯ ಬಳಿಯ ಕುರ್ಚಿಯಲ್ಲಿ ಅದೇ ವಿಭಾಗದ ಮೊಯಿತ್ರಾ ಮೇಡಂ ಕೂತಿದ್ದರು.

"ಚಂದ್ರಹಾಸ್ ಇನ್ನು ಬರುವುದಿಲ್ಲ. ಉಳಿದದ್ದು ನಾನು ನೋಡುತ್ತೇನೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟೇ.

ಒಂದು ಮಾತು ಹೇಳದೆ! 'ಅಂವಗ ಇದು ಕೆಲಸ. ನಾನ ಹೆಚ್ಚಿಗಿ ತಿಳಕೊಂಡೆ...' ಎಂದುಕೊಂಡಳು. ರೊಟ್ಟಿ ಎರಡು ಉಳಿದವು. ಡಬ್ಬಿ ಮುಚ್ಚಿ ಹನ್ನೊಂದನೆಯ ಪ್ರಯೋಗ ಶುರು ಮಾಡಿದಳು.

ಪರೀಕ್ಷೆಯ ದಿನ ಅವಳಿಗೆ ಬಂದದ್ದು ಬಿಳಿಯ ಉಪ್ಪಿನ ಪುಡಿ. ಯಾವ ಲವಣ ಎಂದು ಕಂಡುಹಿಡಿಯಬೇಕು. ತಂತಿಯ ತುದಿಗೆ ಹಚ್ಚಿ ಜ್ವಾಲೆಗೆ ಹಿಡಿದಳು. ಹಳದಿ. ಸೋಡಿಯಂ ಎಂದು ಬರೆದು ಎದ್ದು ಹೋಗಬಹುದಿತ್ತು. ಆದರೆ ಬೇರೆ ಯಾವ ಪರೀಕ್ಷೆಯೂ ಅದಕ್ಕೆ ಹೊಂದುತ್ತಿರಲಿಲ್ಲ. ಹಳದಿ ಬಂದದ್ದು ತಂತಿಗೆ ಮೊದಲೇ ಅಂಟಿದ್ದ ಕೊಳೆಯಿಂದ ಇರಬಹುದು. ತಂತಿಯನ್ನು ಆಮ್ಲದಲ್ಲಿ ಅದ್ದಿ ಕಾಯಿಸಿದಳು, ಮತ್ತೆ ಅದ್ದಿದಳು, ಮತ್ತೆ ಕಾಯಿಸಿದಳು. ಜ್ವಾಲೆಗೆ ಯಾವ ಬಣ್ಣವೂ ಹತ್ತದಷ್ಟು ಶುದ್ಧವಾದ ಮೇಲೆ ಪುಡಿ ಹಚ್ಚಿದಳು. ತೆಳು ಹಸಿರು. ಬೇರಿಯಂ.

ಪರೀಕ್ಷಕರು ಜರ್ನಲ್‌ನ ಹಾಳೆ ತಿರುವಿ, ಮತ್ತೆ ಮಾಡಿ ತಿದ್ದಿದ ರೀಡಿಂಗುಗಳನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಐವತ್ತಕ್ಕೆ ನಲವತ್ತಮೂರು.

ಕ್ವಾರ್ಟರ್ಸಿನಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಸುದ್ದಿ ಕೇಳಿ ಅತ್ತೆ ಅವಳ ಬಾಯಿಗೆ ಸಂದೇಶ್ ಮಿಠಾಯಿ ಇಟ್ಟರು. ಕಲ್ಲಪ್ಪ ಹಗ್ಗ ಬಿಗಿಯುತ್ತ ತಲೆ ಎತ್ತದೆ ಕೇಳಿದರು.

"ಪಾರವ್ವಾ, ಆ ಮಾಸ್ತರ ನಿನಗ ಏನರ ಕೇಳ್ಯಾನೇನು?"

"ಇಲ್ರಿ. ಅವರು ಬರೂದ ಬಿಟ್ಟಾರ."

"ನೀ ಸಿಟ್ಟಿಲೆ ಲೋಟ ಕುಕ್ಕಿದ ದಿನ ನಿಮ್ಮ ಅತ್ತಿ ನನಗ ಅಂದಳು, ಹುಡುಗಿ ಜೀವಂತ ಅದಾಳಂತ. ಅದಕ್ಕ ಹೇಳತೀನಿ. ಅಂವಾ ಲಗ್ನಕ್ಕ ಕೇಳಿದ್ರ ನಮ್ಮ ಮುಖ ನೋಡಬ್ಯಾಡ. ನಿನ್ನ ಮನಸ್ಸು ನೋಡಿ ಹೇಳು."

ಅವಳು ಗೋಣಿಚೀಲದ ಬಾಯಿ ಹಿಡಿದುಕೊಂಡು ನಿಂತಳು.

ಜೂನ್ ಇಪ್ಪತ್ತೆಂಟಕ್ಕೆ ಅಂಕಪಟ್ಟಿ ಸಿಕ್ಕಿತು. ಒಂದೇ ಹಾಳೆ. ಅದನ್ನು ಹಿಡಿದು ಅವಳು ನೇರ ಕೆಮಿಸ್ಟ್ರಿ ವಿಭಾಗಕ್ಕೆ ಹೋದಳು.

"ಕಡೀ ಎರಡು ಪ್ರಯೋಗಕ್ಕ ಯಾಕ ಬರಲಿಲ್ರಿ?"

ಚಂದ್ರಹಾಸ ಎದ್ದು ನಿಂತ. "ಹೊರಗೆ ಹೋಗುವನಾ? ಇಲ್ಲಿ ಬೇಡ."

ಗೇಟಿನ ಎದುರಿನ ಅಂಗಡಿಯಲ್ಲಿ ಮಣ್ಣಿನ ಕುಡಿಕೆಗಳಲ್ಲಿ ಚಹಾ ತೆಗೆದುಕೊಂಡರು. ಒಂದು ಟ್ರಾಮ್ ಹಾದುಹೋಗುವವರೆಗೆ ಆತ ಕಾದ.

"ಮನಸ್ಸಲ್ಲಿ ಒಂದು ಇಟ್ಕೊಂಡು ನಿಮ್ಮ ಜರ್ನಲಿಗೆ ಸಹಿ ಹಾಕುವುದು ಸರಿಯಲ್ಲ. ನಾಳೆ ಯಾರೂ ನಿಮ್ಮ ಮಾರ್ಕಿನ ಬಗ್ಗೆ ಒಂದು ಮಾತು ಆಡಬಾರದು. ಅದಕ್ಕೇ ಮೊಯಿತ್ರಾ ಮೇಡಂಗೆ ಹೇಳಿದೆ."

"ಮನಸ್ಸಿನಾಗ ಏನಿತ್ರಿ?"

"ನೀವೇ." ಆತ ಕುಡಿಕೆಯನ್ನು ಕೈಯಲ್ಲಿ ತಿರುಗಿಸಿದ. "ಮೇಡಂಗೆ ಆಗ ಗೊತ್ತಾಯ್ತು. ನಿಮಾಯಿದಾಗೆ ಅದಕ್ಕೂ ಮೊದಲೇ ಗೊತ್ತಿತ್ತಂತೆ."

"ನನಗೊಬ್ಬಾಕಿಗೆ ಗೊತ್ತಿರಲಿಲ್ಲ."

"ಉತ್ತರ ಈಗಲೇ ಬೇಕು ಅಂತಿಲ್ಲ, ಪಾರ್ವತಿಯವರೇ. ನೀವು ಕೆಲಸಕ್ಕೆ ಸೇರಿ. ಈ ಊರಲ್ಲೇ ಇರ್ತೀರಲ್ಲ. ನಾನೂ ಇರ್ತೇನೆ."

ಅವಳು ಚಹಾ ಮುಗಿಸಿದಳು. ಮನಸ್ಸಿನೊಳಗೆ ನೋಡಿಕೊಂಡಳು. ಅಲ್ಲಿ ಬಸು ಇದ್ದ. ಅವನ ಪಕ್ಕದಲ್ಲಿ ಜಾಗವೂ ಇತ್ತು.

"ನಾ ಎಲ್ಲೇ ಇದ್ರೂ ಬಸು ಅವರ ಫೋಟೋ ಇರತದ್ರಿ. ಟ್ರಂಕಿನಾಗ ಅಲ್ಲ, ಗ್ವಾಡಿ ಮ್ಯಾಲ."

"ಇರಲಿ," ಎಂದ ಚಂದ್ರಹಾಸ. ಸ್ವಲ್ಪ ಯೋಚಿಸಿದ. "ನನ್ನ ಮನೆಯಲ್ಲಿ ಅಡುಗೆಮನೆ ಕಡೆಯ ಗೋಡೆಗೆ ತೇವ ಉಂಟು. ಅದೊಂದು ಬೇಡ, ಫೋಟೋ ಹಾಳಾಗ್ತದೆ. ಉಳಿದ ಮೂರರಲ್ಲಿ ಯಾವುದು ಬೇಕೋ ನೀವೇ ಆರಿಸಿ."

"ಬೆಳಕು ಯಾ ಕಡೆಯಿಂದ ಬರತದ್ರಿ?"

"ಪೂರ್ವಕ್ಕೆ ಕಿಟಕಿ ಉಂಟು."

"ನಾಳೆ ಸಂಜಿಮುಂದ ಬಂದು ನೋಡತೀನಿ. ಮಾವಾರು, ಅತ್ತಿಯವರನ್ನೂ ಕರಕೊಂಡು ಬರತೀನಿ. ಊರಿಗೆ ಹೋಗೂದರೊಳಗ ಅವರೂ ನೋಡಲಿ."

ಆತ ಖಾಲಿ ಕುಡಿಕೆಯನ್ನು ಅಂಗಡಿಯ ಬುಟ್ಟಿಗೆ ಹಾಕಿದ.

"ಚಹಾಕ್ಕೆ ಹಾಲು ತಂದಿಡ್ತೇನೆ."

"ಮೂರು ಮಂದಿಗೆ ಆಗೂವಷ್ಟು ತರ್ರಿ."

"ನಾಲ್ಕು ಮಂದಿ," ಎಂದ ಚಂದ್ರಹಾಸ. "ನಾನೂ ಕೂತ್ಕೊಳ್ತೇನೆ."