ಕೆಟಲ್ ಬೆಂಡ್ ಸಭಾಂಗಣದ ಗಬ್ಬು

ಸಭಾಂಗಣದ ಬಾಗಿಲು ತೆರೆದ ಮೇಯರ್ ಅರ್ಲೀನ್ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದರು. ಹಿಮದಲ್ಲಿ ನಿಂತಿದ್ದ ನಮಗೂ ಆ ಗಬ್ಬು ಬಡಿಯಿತು.

"ಗಾಂಜಾ," ಅಂದರು. "ಇವತ್ತೇ ಆಗ್ಬೇಕಿತ್ತಾ ಇದು?"

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾದ ಮೇಲೆ ಬಂದ ಮೊದಲ ಜನವರಿ ಅದು. ಅಂಗಡಿ ಬೇಕೋ ಬೇಡವೋ ಎಂದು ಆಯಾ ಊರೇ ತೀರ್ಮಾನಿಸಬೇಕಿತ್ತು. ನಮ್ಮೂರು ಕೆಟಲ್ ಬೆಂಡ್‌ನ ಕೌನ್ಸಿಲಿನಲ್ಲಿ ಮತದಾನ ಅಂದು ಮಧ್ಯಾಹ್ನ. ಶಾಲೆಯಿಂದ ಎಷ್ಟು ದೂರ, ವಾಸನೆ ಬಂದರೆ ಏನು ದಂಡ, ಎಲ್ಲ ನಿಯಮಗಳೂ ಸಿದ್ಧವಾಗಿದ್ದವು. ಕಾಗದದ ಗಿರಣಿ ಮುಚ್ಚಿ ಕೆಲಸ ಕಳೆದುಕೊಂಡಿದ್ದ ನೋರೀನ್ ಟಾಸ್ಕರ್ ಅಂಗಡಿ ತೆರೆಯಲು ಕಾದಿದ್ದಳು. ಅದಿಲ್ಲದಿದ್ದರೆ ಅವಳು ಊರು ಬಿಡಬೇಕಿತ್ತು. ಹಿಂದಿನ ಸಂಜೆ ಸಭೆಗೆ ಕುರ್ಚಿ ಜೋಡಿಸಿದವಳೂ ಅವಳೇ. ಹಾಗಾಗಿ ಎಲ್ಲರೂ ಅವಳನ್ನೇ ನೋಡಿದರು. ಅವಳು ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಕೌನ್ಸಿಲರ್ ಲಾರ್ನ್ ಪೆಟ್ರಿ ಸುರ್ ಸುರ್ ಎಂದು ಮೂಗೊರೆಸುತ್ತ ಬಂದ. "ಗಾಂಜಾ ವಾಸನೆ ಬೀದಿಗೇ ಬಡೀತಿದೆ. ಅಂಗಡಿ ತೆಗೆಯೋಕ್ ಮುಂಚೇನೇ ಹೀಗೆ," ಎಂದವನು ಸೀದಾ ಒಳಗೆ ಹೋಗಿ ಹೀಟರಿನ ಪಕ್ಕ ಕುಳಿತ.

ಊರಿನ ನಿಯಮ ಅಧಿಕಾರಿ ಮ್ಯೂರಿಯಲ್ ಹಾಜ್‌ಗೆ ನಾನು ಸಹಾಯಕ. ಬೀದಿನಾಯಿಯಿಂದ ಕಳ್ಳತನದವರೆಗೆ ನಮ್ಮೂರಿನ ಒಗಟುಗಳೆಲ್ಲ ಕೊನೆಗೆ ಬರುವುದು ಆಕೆಯ ಹತ್ತಿರವೇ. ಆಕೆ ಹೀಟರಿನ ಹಿಂದೆ ಕೈ ಹಾಕಿ, ಜಿಡ್ಡಾದ ಬೆರಳನ್ನು ಮೂಸಿ ಕಣ್ಣೊರೆಸಿಕೊಂಡರು.

"ಬಲೆಗೆ ಏನಾದ್ರೂ ಬಿತ್ತಾ, ಲಾರ್ನ್?"

"ಎರಡು ನರಿ." ಚಳಿಗಾಲದಲ್ಲಿ ನರಿಗಳಿಗೆ ಬಲೆ ಒಡ್ಡುವುದು ಅವನ ರೂಢಿ.

ಹೊರಗೆ ಬಂದು ನನ್ನನ್ನು ಕೇಳಿದರು: "ಕ್ಲಿಫರ್ಡ್, ಸ್ಕಂಕ್‌ಗಳು ಈಗ ಎಲ್ಲಿರ್ತಾವೆ?" ಹೆದರಿದರೆ ಬಾಲದ ಬುಡದಿಂದ ಗಬ್ಬು ರಸ ಚಿಮ್ಮಿಸುವ, ಬೆಕ್ಕಿನಷ್ಟು ಗಾತ್ರದ ಕಾಡುಪ್ರಾಣಿ ಅದು.

"ಬಿಲದಲ್ಲಿ ಮಲಗಿರ್ತಾವೆ. ಚಳಿಗಾಲದಲ್ಲಿ ಅವು ಯಾರ ಮೇಲೂ ಗಬ್ಬು ಚಿಮ್ಮಿಸಲ್ಲ."

"ಸರಿ. ಕಾಫಿ ಮಾಡೋಣ ನಡಿ."

ಮಧ್ಯಾಹ್ನ ಸಭೆಯನ್ನು ಅಗ್ನಿಶಾಮಕ ಶೆಡ್ಡಿಗೆ ಬದಲಾಯಿಸಿದರು. ನಾನು ಎಲ್ಲರಿಗೂ ಲೋಟ ಹಂಚಿದೆ.

"ಕಾಫಿ ಹೇಗಿದೆ, ಲಾರ್ನ್?" ಎಂದು ಮ್ಯೂರಿಯಲ್ ಕೇಳಿದರು.

"ಚೆನ್ನಾಗಿದೆ."

"ನಿನ್ನ ಲೋಟದಲ್ಲಿರೋದು ಕಾಫಿ ಅಲ್ಲ, ಮಾರಾಯ. ಸುಟ್ಟ ಸಕ್ಕರೆಯ ನೀರು. ನೆಗಡಿಯಿಂದ ನಿನ್ನ ಮೂಗು ಪೂರ್ತಿ ಕಟ್ಟಿದೆ. ಮತ್ತೆ ಬೀದಿಯಲ್ಲಿ ಗಾಂಜಾ ವಾಸನೆ ನಿನಗೆ ಹೇಗೆ ಬಂತು?"

ಲಾರ್ನ್ ಲೋಟ ಕೆಳಗಿಟ್ಟ.

"ಅದು ಗಾಂಜಾನೇ ಅಲ್ಲ, ಸ್ಕಂಕಿನ ರಸ," ಎಂದರು ಮ್ಯೂರಿಯಲ್. "ಎರಡೂ ಒಂದೇ ಥರ ನಾರ್ತವೆ. ಬೇಸಿಗೆ ಆಗಿದ್ರೆ ಯಾರಾದ್ರೂ ಅನುಮಾನ ಪಡ್ತಿದ್ರು. ಜನವರೀಲಿ ಸ್ಕಂಕ್ ಮಲಗಿರುತ್ತೆ, ಅಂದ್ಮೇಲೆ ಅದು ಬಾಟಲಿಯಿಂದ್ಲೇ ಬರ್ಬೇಕು. ನರಿಗಳನ್ನ ಬಲೆ ಹತ್ರ ಕರೆಯೋಕೆ ಬೇಟೆಗಾರರು ಅದನ್ನ ಇಟ್ಕೊಂಡಿರ್ತಾರೆ. ಮೂಗಿದ್ದವನು ಒಂದು ಹನಿಗೇ ನಿಲ್ಲಿಸ್ತಿದ್ದ. ಇಲ್ಲಿ ಬಾಟಲಿನೇ ಸುರಿದಿದ್ದಾರೆ. ಸುರಿದ ಜಾಗದಲ್ಲೇ ಆರಾಮಾಗಿ ಕೂತವನು ನೀನೊಬ್ಬನೇ."

"ಅಂಗಡಿ ಬಂದ್ರೆ ನಮ್ಮ ಹುಡುಗ್ರು ಕೆಡ್ತಾರೆ ಅಂತ ಭಯ ಆಯ್ತು," ಎಂದ ಲಾರ್ನ್ ತಲೆ ತಗ್ಗಿಸಿ. "ನೋರೀನ್ ಮೇಲೆ ಬರುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ."

ಆಗ ನೋರೀನ್ ಬಾಯಿ ತೆರೆದಳು. "ಅದು ಸ್ಕಂಕ್ ಅಂತ ನನಗೆ ಬೆಳಿಗ್ಗೇನೇ ಗೊತ್ತಾಗಿತ್ತು."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?" ಎಂದರು ಮೇಯರ್.

"ಗಾಂಜಾ ವಾಸನೆ ನಿನಗೆ ಅಷ್ಟು ಚೆನ್ನಾಗಿ ಹೇಗೆ ಗೊತ್ತು ಅಂತ ಕೇಳ್ತಿದ್ರಿ."

ವಾಸನೆಗೆ ದಂಡ ಹಾಕುವ ನಿಯಮ ಬರೆದವರು ನಾವು. ವಾಸನೆ ಯಾವುದೆಂದು ನಮಗೇ ತಿಳಿದಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೇಯರ್ ಮತಕ್ಕೆ ಹಾಕಿದರು. ಲಾರ್ನ್ ಅಂಗಡಿ ಬೇಡ ಎಂದೇ ಕೈ ಎತ್ತಿದ. ಒಂದು ಮತದ ಅಂತರದಲ್ಲಿ ಅಂಗಡಿ ಗೆದ್ದಿತು. ನೋರೀನ್ ಅಳುತ್ತಲೇ ನಕ್ಕಳು.

"ಇನ್ನೊಂದು ವಿಷಯ," ಎಂದರು ಮೇಯರ್. "ವಾಸನೆಯ ದೂರು ಬಂದ್ರೆ ಮೊದಲು ಮೂಸೋಕೆ ಯಾರನ್ನ ಕಳಿಸೋಣ?"

ಐದೂ ಕೌನ್ಸಿಲರ್‌ಗಳ ಬೆರಳು ನೋರೀನ್ ಕಡೆಗೆ ತಿರುಗಿತು, ಲಾರ್ನನದೂ ಸೇರಿ.